ದೂರದೇಶದ ತಬ್ಬಲಿ ಮಗುವಿಗೆ ಮನೆಯ ಆಸರೆ: ಪೋಷಕ ಕುಟುಂಬಗಳ ಮೂಲಕ ನೆರವಾಗುವ ಬಗೆ

ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳಿದ್ದಾರೆ ಎಂದು ಯುನಿಸೆಫ್ 2015ರಲ್ಲಿ ಅಂದಾಜು ಮಾಡಿತ್ತು. ದೇಣಿಗೆ ಕೇಳುವ ಕರಪತ್ರಗಳಲ್ಲಿ ಇಂಥ ಅಂಕಿಗಳು ಎದ್ದು ಕಾಣುತ್ತವೆ. ಅದರ ಜೊತೆಗಿದ್ದ ಇನ್ನೊಂದು ಅಂಕಿ ಮಾತ್ರ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಆ 14 ಕೋಟಿಯಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರು ಸುಮಾರು 1.51 ಕೋಟಿ. ಯುನಿಸೆಫ್‌ನ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. ಅಂದರೆ ಉಳಿದವರಿಗೆಲ್ಲ ಅಮ್ಮನೋ ಅಪ್ಪನೋ ಇದ್ದಾರೆ. ಇಬ್ಬರೂ ಇಲ್ಲದವರಿಗೂ ಬಹುಪಾಲು ಅಜ್ಜಿ, ಚಿಕ್ಕಮ್ಮ, ಸೋದರಮಾವ, ದೊಡ್ಡಕ್ಕ ಯಾರಾದರೂ ಇರುತ್ತಾರೆ.

ಇದು ಗೊತ್ತಿಲ್ಲದೆ ಕೊಟ್ಟ ಹಣ, ಅಮ್ಮ ಇರುವ ಮಗುವನ್ನು ಅಮ್ಮನಿಂದ ಬಿಡಿಸುವುದಕ್ಕೇ ಖರ್ಚಾಗಬಹುದು. ಹಾಗೆ ಆಗಿಯೂ ಇದೆ. ನೇಪಾಳದ ದೂರದ ಗುಡ್ಡಗಾಡು ಜಿಲ್ಲೆಗಳಿಂದ 'ಓದಿಸುತ್ತೇವೆ' ಎಂದು ನಂಬಿಸಿ ಮಕ್ಕಳನ್ನು ಕಠ್ಮಂಡುವಿಗೆ ತಂದು, ಕಾಗದದ ಮೇಲೆ ಅನಾಥರನ್ನಾಗಿ ಮಾಡಿ, ವಿದೇಶಿ ದಾನಿಗಳ ಮುಂದೆ ನಿಲ್ಲಿಸಿದ ಪ್ರಕರಣಗಳು ದಾಖಲಾಗಿವೆ. ಮಕ್ಕಳನ್ನು ಹೀಗೆ ಅನಾಥಾಶ್ರಮಗಳಿಗೆ ಸಾಗಿಸುವುದೂ ಆಧುನಿಕ ಗುಲಾಮಗಿರಿಯ ಒಂದು ರೂಪ ಎಂಬ ಮಾತನ್ನು ಆಸ್ಟ್ರೇಲಿಯಾ 2018ರಲ್ಲಿ ತನ್ನ ಆಧುನಿಕ ಗುಲಾಮಗಿರಿ ಕಾಯ್ದೆ ತರುವ ಹೊತ್ತಿನಲ್ಲಿ ಒಪ್ಪಿಕೊಂಡಿತು.

ಹಾಗಾದರೆ ನೆರವಾಗುವುದೇ ಬೇಡವೇ? ಖಂಡಿತ ಬೇಕು. ಆದರೆ ಮಗುವನ್ನು ಕಟ್ಟಡಕ್ಕೆ ಸೇರಿಸುವ ಹಣ ಬೇರೆ, ಮಗುವನ್ನು ಮಡಿಲಲ್ಲಿ ಉಳಿಸುವ ಹಣ ಬೇರೆ. ಎರಡನೆಯ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುವುದಕ್ಕೆ ಈ ಬರಹ.

ಹೆಜ್ಜೆ 1: ಪದಗಳನ್ನು ಬಿಡಿಸಿಕೊಳ್ಳಿ

ಕನ್ನಡದಲ್ಲಿ 'ಪೋಷಕರು' ಎಂದರೆ ಹೆತ್ತವರು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಇಲ್ಲಿ 'ಪೋಷಕ ಕುಟುಂಬ' ಎಂದು ಬರೆದಲ್ಲೆಲ್ಲ ಫಾಸ್ಟರ್ ಕುಟುಂಬ ಎಂದು ಓದಿಕೊಳ್ಳಿ. ಹೆತ್ತವರ ಬಳಿ ಸದ್ಯಕ್ಕೆ ಇರಲಾಗದ ಮಗುವನ್ನು, ಸರ್ಕಾರ ಅಥವಾ ನ್ಯಾಯಾಲಯ ಒಪ್ಪಿದ ಮೇಲೆ, ತರಬೇತಿ ಪಡೆದು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕುವ ಮನೆಯವರು ಇವರು. ಮಗುವಿನ ಮೇಲಿನ ಕಾನೂನು ಹಕ್ಕು ಇವರದಾಗುವುದಿಲ್ಲ. ಮಗು ತನ್ನ ಹೆಸರು, ತನ್ನ ವಂಶ, ತನ್ನವರ ಸಂಪರ್ಕ ಉಳಿಸಿಕೊಂಡೇ ಇರುತ್ತದೆ, ಸಾಧ್ಯವಾದಾಗ ತನ್ನ ಮನೆಗೆ ಮರಳುತ್ತದೆ.

ದತ್ತು ಹಾಗಲ್ಲ. ಅಲ್ಲಿ ಕಾನೂನಿನ ಪ್ರಕಾರ ತಾಯ್ತಂದೆಯರೇ ಬದಲಾಗುತ್ತಾರೆ, ಅದು ಶಾಶ್ವತ. ಅಜ್ಜಿಯೋ ಚಿಕ್ಕಪ್ಪನೋ ಸಾಕಿದರೆ ಅದು ಬಂಧುಗಳ ಆಸರೆ. ಜಗತ್ತಿನಲ್ಲಿ ಹೆತ್ತವರಿಲ್ಲದ ಮಕ್ಕಳಲ್ಲಿ ಹೆಚ್ಚಿನವರು ಬೆಳೆಯುವುದು ಹೀಗೆಯೇ, ಯಾವ ಕಚೇರಿಯ ಕಡತದಲ್ಲೂ ಹೆಸರಿಲ್ಲದೆ. ಹಲವು ಮುಸ್ಲಿಂ ದೇಶಗಳಲ್ಲಿ 'ಕಫಾಲಾ' ಎಂಬ ಪದ್ಧತಿ ಇದೆ. ಅದರಲ್ಲಿ ಮಗುವನ್ನು ಸಾಕುವ ಹೊಣೆ ಹೊರುತ್ತಾರೆ, ಆದರೆ ಮಗುವಿನ ವಂಶದ ಹೆಸರು ಬದಲಾಗುವುದಿಲ್ಲ.

ಪೋಷಕ ಕುಟುಂಬಗಳಲ್ಲೂ ಹಲವು ಬಗೆ. ನಡುರಾತ್ರಿ ಪೊಲೀಸರು ತಂದುಬಿಟ್ಟ ಮಗುವನ್ನು ಕೆಲವು ದಿನ ನೋಡಿಕೊಳ್ಳುವ ತುರ್ತು ಮನೆಗಳಿವೆ. ತಾಯಿ ಆಸ್ಪತ್ರೆಯಿಂದ ಬರುವ ತನಕ ಕೆಲವು ತಿಂಗಳು ಸಾಕುವವರಿದ್ದಾರೆ. ಮರಳಲು ಮನೆಯೇ ಇಲ್ಲದ ಮಗುವನ್ನು ದೊಡ್ಡದಾಗುವವರೆಗೂ ಇಟ್ಟುಕೊಳ್ಳುವವರಿದ್ದಾರೆ. ಅಂಗವಿಕಲ ಮಕ್ಕಳಿಗಾಗಿಯೇ ವಿಶೇಷ ತರಬೇತಿ ಪಡೆದವರಿದ್ದಾರೆ. ಈ ಕೊನೆಯವರ ಸಂಖ್ಯೆ ಹೆಚ್ಚಿನ ದೇಶಗಳಲ್ಲಿ ಕಡಿಮೆ, ಹೀಗಾಗಿ ದಾನಿಯ ಅಗತ್ಯ ಹೆಚ್ಚಿರುವುದೂ ಇಲ್ಲೇ.

ಹೆಜ್ಜೆ 2: ಮನೆಯೇ ಏಕೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ

'ಆಶ್ರಮದಲ್ಲಾದರೆ ಊಟ, ಬಟ್ಟೆ, ಶಾಲೆ ಎಲ್ಲ ಒಂದೇ ಕಡೆ ಸಿಗುತ್ತದಲ್ಲ' ಎಂದು ಒಳ್ಳೆಯ ಮನಸ್ಸಿನವರೇ ಕೇಳುತ್ತಾರೆ. ಇದಕ್ಕೆ ಉತ್ತರ ರೊಮೇನಿಯಾದಲ್ಲಿದೆ, ಅದನ್ನು ಸ್ವಲ್ಪ ನಿಂತು ನೋಡಬೇಕು.

1966ರಲ್ಲಿ ರೊಮೇನಿಯಾದ ಸರ್ವಾಧಿಕಾರಿ ಚೌಶೆಸ್ಕುವಿನ ಸರ್ಕಾರ ಜನಸಂಖ್ಯೆ ಹೆಚ್ಚಿಸಲೆಂದು ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಸಾಕಲಾಗದ ಮಕ್ಕಳನ್ನು ಸರ್ಕಾರವೇ ಸಾಕುತ್ತದೆ ಎಂಬ ಭಾವನೆ ಬೇರೂರಿತು. 1989ರ ಡಿಸೆಂಬರ್‌ನಲ್ಲಿ ಆ ಆಡಳಿತ ಕುಸಿದಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಸಂಸ್ಥೆಗಳಲ್ಲಿದ್ದರು. ಸಾಲು ತೊಟ್ಟಿಲುಗಳಲ್ಲಿ ಮಲಗಿ, ಅತ್ತರೂ ಯಾರೂ ಬರುವುದಿಲ್ಲ ಎಂದು ತಿಳಿದುಕೊಂಡು ಅಳುವುದನ್ನೇ ನಿಲ್ಲಿಸಿದ ಕೂಸುಗಳನ್ನು ಜಗತ್ತು ಆಗ ನೋಡಿತು.

ಸುಮಾರು ಹತ್ತು ವರ್ಷಗಳ ನಂತರ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಮೆರಿಕನ್ ಸಂಶೋಧಕರು ಬುಕಾರೆಸ್ಟ್ ನಗರದ ಆರು ಸಂಸ್ಥೆಗಳಿಂದ 136 ಮಕ್ಕಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಮಕ್ಕಳ ವಯಸ್ಸು 6ರಿಂದ 31 ತಿಂಗಳು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳು ಪೋಷಕ ಕುಟುಂಬಗಳಿಗೆ ಹೋದರು, ಉಳಿದವರಿಗೆ ಆಗ ನಡೆಯುತ್ತಿದ್ದ ವ್ಯವಸ್ಥೆಯೇ ಮುಂದುವರಿಯಿತು. ಆ ಕಾಲದಲ್ಲಿ ಬುಕಾರೆಸ್ಟ್‌ನಲ್ಲಿ ಪೋಷಕ ಕುಟುಂಬಗಳು ಇಲ್ಲವೆನ್ನುವಷ್ಟು ಕಡಿಮೆ. ಸಂಶೋಧಕರೇ ಕುಟುಂಬಗಳನ್ನು ಹುಡುಕಿ, ತರಬೇತಿ ಕೊಟ್ಟು, ಭತ್ಯೆ ಕೊಟ್ಟು, ಸಮಾಜ ಕಾರ್ಯಕರ್ತರನ್ನು ಪದೇ ಪದೇ ಮನೆಗಳಿಗೆ ಕಳಿಸಿದರು. ಸಂಸ್ಥೆಯಲ್ಲಿ ಉಳಿದ ಮಗುವಿಗೆ ಬೇರೆ ಮನೆ ಸಿಕ್ಕರೆ ಹೋಗುವುದನ್ನು ಅಧ್ಯಯನಕ್ಕಾಗಿ ತಡೆಯಬಾರದು ಎಂಬ ನಿಯಮವನ್ನೂ ಹಾಕಿಕೊಂಡಿದ್ದರು.

ಮನೆಗೆ ಹೋದ ಮಕ್ಕಳ ಬುದ್ಧಿಶಕ್ತಿ, ಮಾತು, ಮಿದುಳಿನ ವಿದ್ಯುತ್ ಚಟುವಟಿಕೆ, ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬರನ್ನು ನಂಬಿ ಅಂಟಿಕೊಳ್ಳುವ ಗುಣ, ಇವೆಲ್ಲ ಸಂಸ್ಥೆಯಲ್ಲಿ ಉಳಿದವರಿಗಿಂತ ಚೇತರಿಸಿಕೊಂಡವು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಕೂಸುಗಳಲ್ಲಿ ಹಲವು ವಿಷಯಗಳಲ್ಲಿ ಚೇತರಿಕೆ ಹೆಚ್ಚು ಚೆನ್ನಾಗಿತ್ತು. ತಡವಾಗಿ ಹೋದವರಲ್ಲಿ ಕೆಲವು ಗಾಯಗಳು ಹಾಗೇ ಉಳಿದವು. 2004ರಲ್ಲಿ ರೊಮೇನಿಯಾ ತಂದ ಮಕ್ಕಳ ಹಕ್ಕುಗಳ ಕಾನೂನು, ತೀವ್ರ ಅಂಗವೈಕಲ್ಯದ ಪ್ರಕರಣಗಳನ್ನು ಬಿಟ್ಟು, ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗೆ ಸೇರಿಸುವುದನ್ನೇ ನಿಷೇಧಿಸಿತು.

ಆ ಅಧ್ಯಯನದಲ್ಲಿ ಮಕ್ಕಳು ಯಾರೋ ಒಬ್ಬರ ಮನೆಗೆ ಹೋಗಿ ಸುಮ್ಮನೆ ಉಳಿದುಕೊಳ್ಳಲಿಲ್ಲ. ಆ ಮನೆಗಳ ಬೆನ್ನಿಗೆ ಸಮಾಜ ಕಾರ್ಯಕರ್ತರಿದ್ದರು. ನೀವು ಹಣ ಕೊಡುವಾಗ ಹುಡುಕಬೇಕಾದದ್ದು ಇದನ್ನೇ.

ಹೆಜ್ಜೆ 3: ನಿಮ್ಮ ಹಣ ಯಾವ ಮೆಟ್ಟಿಲಿಗೆ ಹೋಗುತ್ತಿದೆ ನೋಡಿ

ಮಕ್ಕಳ ಪರ್ಯಾಯ ಪಾಲನೆಗೆ ಸಂಬಂಧಿಸಿದ ಮಾರ್ಗಸೂಚಿಗಳನ್ನು ವಿಶ್ವಸಂಸ್ಥೆಯ ಮಹಾಸಭೆ 2009ರಲ್ಲಿ ಒಪ್ಪಿತು. ಅದರ ತಿರುಳನ್ನು ಮೆಟ್ಟಿಲುಗಳಾಗಿ ಕಲ್ಪಿಸಿಕೊಳ್ಳಬಹುದು. ಮೊದಲು ಹೆತ್ತವರ ಬಳಿಯೇ ಮಗು ಉಳಿಯುವಂತೆ ನೋಡುವುದು. ಅದಾಗದಿದ್ದರೆ ಬಂಧುಗಳು. ಅದೂ ಆಗದಿದ್ದರೆ ಪೋಷಕ ಕುಟುಂಬ ಅಥವಾ ದತ್ತು. ಸಂಸ್ಥೆಯ ವಾಸ, ಆ ಮಗುವಿಗೆ ಅದೇ ಸೂಕ್ತ ಮತ್ತು ಅಗತ್ಯ ಎಂದು ಕಂಡುಬಂದಾಗ ಮಾತ್ರ. ಬಡತನವೊಂದೇ ಕಾರಣವಾಗಿ ಮಗುವನ್ನು ಮನೆಯಿಂದ ಬಿಡಿಸಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮೂರು ವರ್ಷದೊಳಗಿನ ಕೂಸುಗಳಿಗೆ ಮನೆಯ ವಾತಾವರಣವೇ ಬೇಕು, ಒಡಹುಟ್ಟಿದವರನ್ನು ಬೇರೆ ಮಾಡಬಾರದು ಎನ್ನುವುದೂ ಅದರಲ್ಲಿದೆ.

1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಇನ್ನೊಂದು ಮಾತು ಸೇರಿಸುತ್ತದೆ: ಮಗುವಿನ ಧರ್ಮ, ಸಂಸ್ಕೃತಿ, ನುಡಿ ತುಂಡಾಗದಂತೆ ಮುಂದುವರಿಯಬೇಕು. ತನ್ನ ಊರಿನ ಪಕ್ಕದ ಬೀದಿಯಲ್ಲಿ, ತನ್ನ ಭಾಷೆಯಲ್ಲೇ ಜೋಗುಳ ಕೇಳಿ ಮಲಗುವ ಮಗುವಿಗೂ, ಗೊತ್ತಿಲ್ಲದ ನುಡಿಯ ನಡುವೆ ಬೆಳೆಯುವ ಮಗುವಿಗೂ ಇರುವ ಅಂತರ ನುಡಿಯನ್ನು ಪ್ರೀತಿಸುವ ನಮಗೆ ಬೇಗ ಅರ್ಥವಾದೀತು.

ಆದ್ದರಿಂದ ಒಳ್ಳೆಯ ಪೋಷಕ ಕುಟುಂಬ ಕಾರ್ಯಕ್ರಮ ತನ್ನ ಹಣದ ಒಂದು ಪಾಲನ್ನು ಮಗು ತನ್ನ ಹೆತ್ತ ಮನೆಯಿಂದ ಹೊರಬೀಳದಂತೆ ತಡೆಯಲೂ ಖರ್ಚು ಮಾಡುತ್ತದೆ. 'ನಾವು ಎಷ್ಟು ಮಕ್ಕಳನ್ನು ಇಟ್ಟುಕೊಂಡಿದ್ದೇವೆ' ಎಂದಷ್ಟೇ ಹೇಳುವವರಿಗಿಂತ 'ಎಷ್ಟು ಮಕ್ಕಳು ನಮ್ಮ ಬಳಿ ಬರಬೇಕಾಗಲೇ ಇಲ್ಲ' ಎಂದು ಹೇಳಬಲ್ಲವರನ್ನು ನಾನು ಹೆಚ್ಚು ನಂಬುತ್ತೇನೆ.

ಹೆಜ್ಜೆ 4: ಒಂದು ದೇಶವನ್ನು ಆರಿಸಿ, ಅಲ್ಲಿನ ವ್ಯವಸ್ಥೆ ಓದಿಕೊಳ್ಳಿ

ನಾಲ್ಕಾರು ದೇಶಗಳಿಗೆ ಚೂರು ಚೂರು ಹಂಚುವುದಕ್ಕಿಂತ ಒಂದನ್ನು ಚೆನ್ನಾಗಿ ತಿಳಿದುಕೊಳ್ಳುವುದು ಮೇಲು. ಒಂದೊಂದು ದೇಶದ ದಾರಿ ಒಂದೊಂದು ರೀತಿ.

ರುವಾಂಡಾ ನೋಡಿ. 1994ರ ನರಮೇಧದ ನಂತರ ಅಲ್ಲಿ ಎಷ್ಟೋ ಮನೆಗಳು ಗೊತ್ತಿಲ್ಲದ ಮಕ್ಕಳಿಗೆ ಬಾಗಿಲು ತೆರೆದವು. 2012ರಲ್ಲಿ ಸರ್ಕಾರ ಮಕ್ಕಳ ಪಾಲನೆಯ ಸುಧಾರಣೆಯನ್ನು ರಾಷ್ಟ್ರೀಯ ನೀತಿಯಾಗಿ ಕೈಗೆತ್ತಿಕೊಂಡಿತು. ಆಶ್ರಮಗಳಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮನೆಗಳಿಗೆ ಸೇರಿಸುವ ಕೆಲಸ ಯುನಿಸೆಫ್ ನೆರವಿನೊಂದಿಗೆ ಶುರುವಾಯಿತು. ಕಾರ್ಯಕ್ರಮದ ಹೆಸರು 'ತುಬಾರೆರೆರೆ ಮು ಮುರ್ಯಾಂಗೊ', ಮಕ್ಕಳನ್ನು ಕುಟುಂಬದಲ್ಲೇ ಬೆಳೆಸೋಣ ಎಂದು ಅರ್ಥ. ಪೋಷಕ ತಾಯ್ತಂದೆಯರನ್ನು ಅಲ್ಲಿ 'ಮಲಾಯಿಕಾ ಮುರಿಂಝಿ' ಅಂದರೆ ಕಾವಲು ದೇವತೆ ಎಂದು ಕರೆಯುತ್ತಾರೆ. ಪ್ರತಿ ಹಳ್ಳಿಗೂ ಒಬ್ಬ ಗಂಡಸು, ಒಬ್ಬ ಹೆಂಗಸು 'ಕುಟುಂಬದ ಗೆಳೆಯರು' ಎಂಬ ಹೆಸರಿನ ಸ್ವಯಂಸೇವಕರಾಗಿ ಮನೆಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಇಂಥ ಕಡೆ ನಿಮ್ಮ ಹಣ ಆಗಲೇ ಹರಿಯುತ್ತಿರುವ ಕಾಲುವೆಗೆ ನೀರು ಸೇರಿಸಿದಂತೆ.

ಯುಕ್ರೇನ್‌ನ ಕಾನೂನಿನಲ್ಲಿ ಪೋಷಕ ಕುಟುಂಬ ಒಂದರಿಂದ ನಾಲ್ಕು ಮಕ್ಕಳನ್ನು ಸಾಕಬಹುದು. ಐದು ಅಥವಾ ಹೆಚ್ಚು ಮಕ್ಕಳನ್ನು ಸಾಕುವ ಮನೆಗಳಿಗೆ 'ಕುಟುಂಬ ಮಾದರಿಯ ಮಕ್ಕಳ ಮನೆ' ಎಂಬ ಬೇರೆ ವರ್ಗವೇ ಇದೆ. ಯುದ್ಧ ಶುರುವಾದ ಮೇಲೆ ಇಂಥ ಎಷ್ಟೋ ಕುಟುಂಬಗಳು ಮಕ್ಕಳೆಲ್ಲರ ಜೊತೆ ಊರು ಬಿಡಬೇಕಾಯಿತು. ಅವರಿಗೆ ಬೇಕಿರುವುದು ತಲೆಯ ಮೇಲೊಂದು ಸೂರು, ಆಘಾತಗೊಂಡ ಮಕ್ಕಳಿಗೆ ಮನೋವೈದ್ಯರ ಆರೈಕೆ. ಕೀನ್ಯಾ 2022ರಿಂದ 2032ರವರೆಗಿನ ಹತ್ತು ವರ್ಷಗಳ ರಾಷ್ಟ್ರೀಯ ಕಾರ್ಯತಂತ್ರ ಹಾಕಿಕೊಂಡು ಆಶ್ರಮಗಳಿಂದ ಕುಟುಂಬದ ಕಡೆ ಹೊರಳುತ್ತಿದೆ. ಅಲ್ಲಿ ಹೊಸ ಆಶ್ರಮ ಕಟ್ಟಲು ಹಣ ಕಳಿಸುವವರು ಆ ದೇಶ ನಡೆಯುತ್ತಿರುವ ದಿಕ್ಕಿಗೆ ಎದುರಾಗಿ ಎಳೆದಂತಾಗುತ್ತದೆ.

ತಿಳಿದುಕೊಳ್ಳಬೇಕಾದದ್ದು ಇಷ್ಟು: ಪೋಷಕ ಕುಟುಂಬಗಳಿಗೆ ಕಾನೂನಿನ ಮಾನ್ಯತೆ ಇದೆಯೇ, ಅನುಮತಿ ಕೊಡುವ ಇಲಾಖೆ ಯಾವುದು, ಸರ್ಕಾರ ಭತ್ಯೆ ಕೊಡುತ್ತದೆಯೇ, ವಿದೇಶಿ ಹಣ ಪಡೆಯಲು ಅಲ್ಲಿನ ಸಂಸ್ಥೆಗಳಿಗೆ ನೋಂದಣಿ ಬೇಕೇ. ಆ ದೇಶದ ಸಮಾಜ ಕಲ್ಯಾಣ ಇಲಾಖೆಯ ಜಾಲತಾಣ ಮತ್ತು ಯುನಿಸೆಫ್‌ನ ಆ ದೇಶದ ಪುಟ, ಇವೆರಡನ್ನು ಒಂದು ಸಂಜೆ ಕೂತು ಓದಿದರೆ ಬಹುಪಾಲು ಸಿಗುತ್ತದೆ.

ಹೆಜ್ಜೆ 5: ಸಂಸ್ಥೆಯನ್ನು ಒರೆಗೆ ಹಚ್ಚಿ

ಇಲ್ಲಿ ಆತುರ ಬೇಡ. ಇಮೇಲ್ ಬರೆಯಿರಿ, ಉತ್ತರಕ್ಕೆ ಕಾಯಿರಿ, ಮತ್ತೆ ಕೇಳಿ. ಪ್ರಶ್ನೆ ಕೇಳುವುದು ಅನುಮಾನದ ಗುರುತಲ್ಲ. ಮಗುವಿನ ಪರವಾಗಿ ಕೇಳುವವರು ಬೇರೆ ಯಾರೂ ಇಲ್ಲದಿರುವಾಗ ಅದು ದಾನಿಯ ಕರ್ತವ್ಯ.

ಮೊದಲ ಪ್ರಶ್ನೆ: ಮಕ್ಕಳು ನಿಮ್ಮಲ್ಲಿಗೆ ಹೇಗೆ ಬರುತ್ತಾರೆ? ಸರ್ಕಾರದ ಮಕ್ಕಳ ರಕ್ಷಣಾ ಅಧಿಕಾರಿಯೋ ನ್ಯಾಯಾಲಯವೋ ಕಳಿಸಿದರೆ ಸರಿ. 'ನಮ್ಮ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಿ ಬಡಮಕ್ಕಳನ್ನು ಕರೆತರುತ್ತಾರೆ' ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ. ಎಷ್ಟೇ ಕರುಣೆಯ ಮಾತು ಸೇರಿಸಿ ಹೇಳಿದರೂ ಅದು ಮಕ್ಕಳನ್ನು ಕಲೆಹಾಕುವ ಕೆಲಸ.

ಎರಡನೆಯದು: ಮಗುವಿನ ಬಂಧುಗಳನ್ನು ಹುಡುಕಲು ಏನು ಮಾಡಿದಿರಿ? ಒಳ್ಳೆಯ ಸಂಸ್ಥೆಗೆ ಇದರ ಬಗ್ಗೆ ಹೇಳಲು ಬಹಳ ಇರುತ್ತದೆ. ಯಾವ ಊರಿಗೆ ಎಷ್ಟು ಸಲ ಹೋದೆವು, ಯಾರು ಸಿಕ್ಕರು, ಯಾಕೆ ಮಗುವನ್ನು ಅಲ್ಲಿ ಬಿಡಲಾಗಲಿಲ್ಲ ಎಂದು ಮಗುವಿನ ಹೆಸರು ಹೇಳದೆಯೇ ವಿವರಿಸುತ್ತಾರೆ.

ಮೂರನೆಯದು: ಪೋಷಕ ಕುಟುಂಬಗಳನ್ನು ಹೇಗೆ ಆರಿಸುತ್ತೀರಿ? ಮನೆಯ ಪರಿಶೀಲನೆ, ಪೊಲೀಸ್ ದಾಖಲೆಯ ತಪಾಸಣೆ, ನೆರೆಹೊರೆಯವರ ಮಾತು, ಆರೋಗ್ಯ, ತರಬೇತಿ ಇವೆಲ್ಲ ಇರಬೇಕು. ಮನೆಯಲ್ಲಿ ಆಗಲೇ ಇರುವ ಮಕ್ಕಳನ್ನು ಕೂರಿಸಿಕೊಂಡು ಮಾತಾಡುತ್ತೀರಾ ಎಂದೂ ಕೇಳಿ. ಹೊಸದಾಗಿ ಬಂದ ಮಗುವಿನ ಜೊತೆ ಹಾಸಿಗೆ, ತಟ್ಟೆ, ಅಮ್ಮನ ಗಮನ ಎಲ್ಲವನ್ನೂ ಹಂಚಿಕೊಳ್ಳಬೇಕಾದವರು ಆ ಮಕ್ಕಳೇ. ಅವರ ಮನಸ್ಸು ಒಪ್ಪದ ಮನೆಯಲ್ಲಿ ನೆಲೆ ಬಹುಕಾಲ ನಿಲ್ಲುವುದಿಲ್ಲ.

ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಒಬ್ಬ ಸಮಾಜ ಕಾರ್ಯಕರ್ತೆಯ ಹೊಣೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಆಕೆ ಒಂದು ಮನೆಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತಾಳೆ, ಮುಂಚೆ ತಿಳಿಸದೆ ಹೋಗುವುದುಂಟೇ, ಮಗುವನ್ನು ಒಂಟಿಯಾಗಿ ಮಾತಾಡಿಸುತ್ತಾಳೆಯೇ? ಸಂಸ್ಥೆಯ ಜಾಲತಾಣದಲ್ಲಿ ನಗುವ ಮಕ್ಕಳ ಚಿತ್ರ ಎಷ್ಟಿದ್ದರೂ ಈ ನಾಲ್ಕು ಮಾತಿಗೆ ನೇರ ಉತ್ತರ ಇಲ್ಲದಿದ್ದರೆ ಅದು ಮಕ್ಕಳನ್ನು ಮನೆಗಳಿಗೆ ಹಂಚಿ ಕೈತೊಳೆದುಕೊಂಡ ಸಂಸ್ಥೆ. ಪೋಷಕ ಕುಟುಂಬದಲ್ಲೂ ಮಗುವಿಗೆ ಹಿಂಸೆ ಆಗಬಹುದು, ದುಡಿಮೆಗೆ ಹಚ್ಚಬಹುದು. ಹೈಟಿಯಲ್ಲಿ ಬಡವರ ಮಕ್ಕಳನ್ನು 'ಓದಿಸುತ್ತೇವೆ' ಎಂದು ಕರೆದೊಯ್ದು ಮನೆಗೆಲಸಕ್ಕೆ ಇಟ್ಟುಕೊಳ್ಳುವ 'ರೆಸ್ತವೆಕ್' ಪದ್ಧತಿ ಹೊರನೋಟಕ್ಕೆ ಸಾಕುಮನೆಯಂತೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸುವುದು ಬಾಗಿಲು ತಟ್ಟಿ ಒಳಬಂದು ಮಗುವಿನ ಕಣ್ಣು ನೋಡಿ ಮಾತಾಡಿಸುವ ಆ ಒಬ್ಬ ವ್ಯಕ್ತಿ.

ಇದಲ್ಲದೆ ದೂರು ಹೇಳಲು ಮಗುವಿಗೆ ದಾರಿ ಏನಿದೆ, ನಿಮ್ಮ ಮಕ್ಕಳ ಸುರಕ್ಷತಾ ನೀತಿ ಕಳಿಸುವಿರಾ, ಲೆಕ್ಕಪರಿಶೋಧನೆಯ ವರದಿ ಕೊಡುವಿರಾ ಎಂದು ಕೇಳಿ. ಕಳೆದ ಬಾರಿ ಒಂದು ಕುಟುಂಬದಿಂದ ಮಗುವನ್ನು ಹಿಂದಕ್ಕೆ ಕರೆದುಕೊಳ್ಳಬೇಕಾಗಿ ಬಂದದ್ದು ಯಾವಾಗ, ಏಕೆ ಎಂದೂ ಕೇಳಿ. 'ನಮ್ಮಲ್ಲಿ ಅಂಥದ್ದು ಆಗಿಯೇ ಇಲ್ಲ' ಎಂದವರಿಗಿಂತ, ಆದದ್ದನ್ನು ನೋವಿನಿಂದ ಹೇಳಿ ಅದರಿಂದ ಏನು ಬದಲಾಯಿಸಿದೆವು ಎಂದು ತಿಳಿಸಿದವರು ನಂಬಿಕೆಗೆ ಅರ್ಹರು.

ಹೆಜ್ಜೆ 6: ಹಣ ಏನು ಮಾಡಬೇಕೆಂದು ತೀರ್ಮಾನಿಸಿ

ತಾಂಜಾನಿಯಾದ ಕಗೆರಾ ಪ್ರಾಂತದಲ್ಲಿ ವಿಶ್ವಬ್ಯಾಂಕ್ 1990ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿದಾಗ, ಒಂದು ಮಗುವನ್ನು ಆಶ್ರಮದಲ್ಲಿ ಸಾಕುವ ಖರ್ಚು ಪೋಷಕ ಮನೆಯಲ್ಲಿ ಸಾಕುವ ಖರ್ಚಿನ ಸುಮಾರು ಆರು ಪಟ್ಟು ಎಂದು ಕಂಡಿತ್ತು. ಕಟ್ಟಡ, ಕಾವಲು, ಅಡುಗೆಯವರು, ಆಡಳಿತ ಎಲ್ಲಕ್ಕೂ ಹಣ ಬೇಕಲ್ಲ. ಆದರೆ ಪೋಷಕ ಕುಟುಂಬ ಅಗ್ಗ ಎಂಬ ಕಾರಣಕ್ಕೆ ಅದನ್ನು ಆರಿಸಬೇಡಿ. ಅಗ್ಗವಾಗಿಯೇ ನಡೆಸಿದ ಪೋಷಕ ವ್ಯವಸ್ಥೆಯಲ್ಲಿ ಮೊದಲು ಕತ್ತರಿ ಬೀಳುವುದು ಮನೆಭೇಟಿಗೆ.

ಹಣ ಹೋಗಬೇಕಾದ ಕಡೆಗಳಲ್ಲಿ ಸಮಾಜ ಕಾರ್ಯಕರ್ತರ ಸಂಬಳ ಮತ್ತು ಓಡಾಟದ ಖರ್ಚನ್ನು ನಾನು ಮೊದಲಿಗಿಡುತ್ತೇನೆ. ಬಹಳ ದಾನಿಗಳು ಇದನ್ನು 'ಆಡಳಿತ ವೆಚ್ಚ' ಎಂದು ತಳ್ಳಿಹಾಕುತ್ತಾರೆ. 'ನನ್ನ ಪ್ರತಿ ಪೈಸೆಯೂ ಮಗುವಿಗೇ ತಲುಪಬೇಕು' ಎಂಬ ಆಸೆ ಸಹಜ. ಆದರೆ ಕಾರ್ಯಕರ್ತೆಯ ಬೈಕಿನ ಪೆಟ್ರೋಲ್ ನಿಂತ ದಿನವೇ ಮಗುವಿನ ಕಾವಲೂ ನಿಲ್ಲುತ್ತದೆ.

ನಂತರ ಕುಟುಂಬದ ಭತ್ಯೆ. ಇದು ಸೂಕ್ಷ್ಮ. ತೀರಾ ಕಡಿಮೆಯಾದರೆ ಒಳ್ಳೆಯ ಮನಸ್ಸಿನ ಬಡ ಕುಟುಂಬ ಸಾಲಕ್ಕೆ ಬೀಳುತ್ತದೆ. ಸುತ್ತಲಿನ ಆದಾಯಕ್ಕಿಂತ ಬಹಳ ಹೆಚ್ಚಾದರೆ ಹಣಕ್ಕಾಗಿಯೇ ಮಕ್ಕಳನ್ನು ಇಟ್ಟುಕೊಳ್ಳುವವರು ಬರುತ್ತಾರೆ, ಸ್ವಂತ ಮಗುವನ್ನು ಸಾಕಲಾಗದೆ ಒದ್ದಾಡುವ ಪಕ್ಕದ ಮನೆಯ ತಾಯಿಗೂ ಅದು ಅನ್ಯಾಯ. ಮೊತ್ತವನ್ನು ಸ್ಥಳೀಯ ಸರ್ಕಾರ ಮತ್ತು ಸಂಸ್ಥೆ ನಿರ್ಧರಿಸಲಿ. ದೂರದಲ್ಲಿ ಕೂತ ನಾವು ಏರಿಸುವುದು ಬೇಡ. ಅಜ್ಜಿಯಂಥ ಬಂಧುಗಳು ಸಾಕುವಾಗಲೂ ನೆರವು ಸಿಗುತ್ತದೆಯೇ ಎಂದು ನೋಡಿ. 'ಅವರದೇ ರಕ್ತವಲ್ಲವೇ' ಎಂದು ಅವರನ್ನು ಬರಿಗೈಯಲ್ಲಿ ಬಿಡುವ ಕಾರ್ಯಕ್ರಮಗಳು ಬಹಳ.

ಶಾಲೆ, ಔಷಧಿ, ಫಿಸಿಯೋಥೆರಪಿ, ಆಪ್ತಸಲಹೆ, ಪೋಷಕ ತಾಯಂದಿರು ತಿಂಗಳಿಗೊಮ್ಮೆ ಒಟ್ಟಾಗಿ ಕೂತು ಕಷ್ಟಸುಖ ಹೇಳಿಕೊಳ್ಳುವ ಗುಂಪು, ಇವೆಲ್ಲ ಒಳ್ಳೆಯ ಖರ್ಚು. ಹಳೆ ಬಟ್ಟೆ, ಆಟಿಕೆಗಳ ಪೆಟ್ಟಿಗೆ ಕಳಿಸಬೇಡಿ. ಸಾಗಣೆಗೆ ಆಗುವ ಹಣದಲ್ಲಿ ಅಲ್ಲಿನ ಅಂಗಡಿಯಲ್ಲೇ ಮಗುವಿನ ಅಳತೆಯದು ಕೊಳ್ಳಬಹುದು.

ಹೆಜ್ಜೆ 7: ಕೊಡುವ ರೀತಿ

ಒಮ್ಮೆ ದೊಡ್ಡದಾಗಿ ಕೊಟ್ಟು ಮರೆಯುವುದಕ್ಕಿಂತ ಚಿಕ್ಕದಾದರೂ ತಿಂಗಳು ತಿಂಗಳು, ಮೂರರಿಂದ ಐದು ವರ್ಷ ಕೊಡುವ ಮಾತು ಬೆಲೆಯುಳ್ಳದ್ದು. ಮಗುವಿನ ಬಾಲ್ಯ ಹಣಕಾಸು ವರ್ಷದ ಜೊತೆ ಮುಗಿಯುವುದಿಲ್ಲ. ನಿಲ್ಲಿಸಲೇಬೇಕಾದರೆ ಆರು ತಿಂಗಳು ಮೊದಲೇ ತಿಳಿಸಿ.

'ಒಂದು ಮಗುವನ್ನು ಪ್ರಾಯೋಜಿಸಿ' ಎಂಬ ಯೋಜನೆಗಳು ಮನಸ್ಸನ್ನು ಬೇಗ ಸೆಳೆಯುತ್ತವೆ. ಆದರೆ ಒಂದೇ ಮನೆಯ ಎರಡು ಮಕ್ಕಳಲ್ಲಿ ಒಬ್ಬಳಿಗೆ ಪರದೇಶದ ಪ್ರಾಯೋಜಕರು, ಇನ್ನೊಬ್ಬಳಿಗೆ ಯಾರೂ ಇಲ್ಲ ಎಂದಾಗ ಆ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಮಗು ತನ್ನ ಮನೆಗೆ ಮರಳಿದರೆ ಪ್ರಾಯೋಜಕತ್ವ ನಿಲ್ಲುತ್ತದೆ ಎಂದಿದ್ದರೆ, ಮರಳಿಸದೇ ಇರುವುದೇ ಸಂಸ್ಥೆಗೆ ಲಾಭವಾಗಿಬಿಡುತ್ತದೆ. ಹಣ ಇಡೀ ಕಾರ್ಯಕ್ರಮಕ್ಕೆ ಹೋಗುವಂತೆ ಕೊಡುವುದೇ ಒಳ್ಳೆಯದು.

ಪೋಷಕ ಕುಟುಂಬದ ವ್ಯಕ್ತಿಯೊಬ್ಬರ ಖಾತೆಗೆ ನೇರವಾಗಿ ಹಣ ಹಾಕಬೇಡಿ, ಅವರೇ ಕೇಳಿದರೂ. ನೋಂದಾಯಿತ ಸಂಸ್ಥೆಯ ಬ್ಯಾಂಕ್ ಖಾತೆಗೆ, ಬ್ಯಾಂಕಿನ ಮೂಲಕ, ರಸೀದಿಯೊಂದಿಗೆ ಮಾತ್ರ. ಹೊರದೇಶಕ್ಕೆ ದೇಣಿಗೆ ಕಳಿಸುವ ಬಗ್ಗೆ ನೀವು ವಾಸಿಸುವ ದೇಶದ ನಿಯಮವೇನು, ತೆರಿಗೆ ವಿನಾಯಿತಿ ಇದೆಯೇ ಎಂಬುದನ್ನು ಬ್ಯಾಂಕಿನಲ್ಲಿ ಅಥವಾ ಲೆಕ್ಕಪರಿಶೋಧಕರಲ್ಲಿ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 8: ಫೋಟೊ, ಪತ್ರ, ಭೇಟಿ

ಮಗುವಿನ ಮುಖ, ನಿಜ ಹೆಸರು, ಊರು, ಅದರ ಬದುಕಿನ ದುರಂತ ಈ ನಾಲ್ಕೂ ಒಂದೇ ಪುಟದಲ್ಲಿ ಪ್ರಕಟವಾಗಿದ್ದರೆ ಆ ಸಂಸ್ಥೆಗೆ ಪತ್ರ ಬರೆದು ಆಕ್ಷೇಪಿಸಿ. ಹದಿನಾರನೇ ವಯಸ್ಸಿನಲ್ಲಿ ತನ್ನ ಸಹಪಾಠಿಗಳು ಅದನ್ನು ಹುಡುಕಿ ಓದಿದಾಗ ಆ ಮಗುವಿಗೆ ಹೇಗಾದೀತು? ನಿಮಗೆ ಬಂದ ಚಿತ್ರಗಳನ್ನೂ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ.

ಪತ್ರ ಬರೆಯುವುದಿದ್ದರೆ ಸಂಸ್ಥೆಯ ಮೂಲಕವೇ. 'ನಿನ್ನನ್ನು ಒಂದು ದಿನ ಇಲ್ಲಿಗೆ ಕರೆಸಿಕೊಳ್ಳುತ್ತೇನೆ' ಎಂಬಂಥ ಮಾತು ಬೇಡವೇ ಬೇಡ. ಮಗು ಅದನ್ನೇ ಹಿಡಿದು ಕಾಯುತ್ತದೆ.

ಹೋಗಿ ನೋಡಿ ಬರುವ ಆಸೆ ಬಂದರೆ ಸಂಸ್ಥೆಯ ಕಚೇರಿಗೆ ಹೋಗಿ, ಕಾರ್ಯಕರ್ತರ ಜೊತೆ ಮಾತಾಡಿ, ತರಬೇತಿ ನೋಡಿ. ಮನೆಗಳಿಗೆ ಹೋಗಿ ಮಕ್ಕಳನ್ನು ಎತ್ತಿ ಮುದ್ದಾಡಿ ಮೂರು ದಿನಕ್ಕೆ ಹೊರಟುಬಿಡುವುದು, ಬಿಟ್ಟುಹೋದವರನ್ನೇ ಕಂಡ ಮಗುವಿಗೆ ಮತ್ತೊಂದು ಬಿಟ್ಟುಹೋಗುವಿಕೆ. ಅನಾಥಾಶ್ರಮಗಳಲ್ಲಿ ಪ್ರವಾಸಿಗಳ ಸ್ವಯಂಸೇವೆಯಿಂದ ಆಗುವ ಹಾನಿಯನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯೇ 2019ರ ನಿರ್ಣಯದಲ್ಲಿ ಹೇಳಿದೆ.

ಹೆಜ್ಜೆ 9: ಭೂಕಂಪ, ಯುದ್ಧ, ಸುನಾಮಿ ಬಂದಾಗ

ಮನಸ್ಸು ಕಲಕುವುದು ಆಗಲೇ, ಮಕ್ಕಳಿಗೆ ಅಪಾಯ ಹೆಚ್ಚುವುದೂ ಆಗಲೇ. 2007ರಲ್ಲಿ ಚಾಡ್ ದೇಶದಿಂದ 103 ಮಕ್ಕಳನ್ನು, ನೆರೆಯ ಸುಡಾನ್‌ನ ಪ್ರಾಂತವಾದ 'ದಾರ್ಫುರ್‌ನ ಅನಾಥರು' ಎಂದು ಫ್ರಾನ್ಸ್‌ಗೆ ಹಾರಿಸಿಕೊಂಡು ಹೋಗಲು ಒಂದು ಗುಂಪು ಹೊರಟಿತ್ತು. ತಡೆದು ವಿಚಾರಿಸಿದಾಗ ಹೆಚ್ಚಿನ ಮಕ್ಕಳಿಗೆ ಹೆತ್ತವರೋ ಸಾಕುವ ಹಿರಿಯರೋ ಇದ್ದದ್ದು ಗೊತ್ತಾಯಿತು. 2010ರ ಜನವರಿಯಲ್ಲಿ ಹೈಟಿಯ ಭೂಕಂಪವಾಗಿ ಮೂರು ವಾರ ಕಳೆಯುವುದರೊಳಗೆ 33 ಮಕ್ಕಳನ್ನು ಗಡಿ ದಾಟಿಸಲು ಹೊರಟವರು ಸಿಕ್ಕಿಬಿದ್ದರು. ಅಲ್ಲೂ ಬಹಳ ಮಕ್ಕಳ ತಂದೆತಾಯಿ ಬದುಕಿದ್ದರು. 2004ರ ಸುನಾಮಿಯ ನಂತರ ಇಂಡೊನೇಷ್ಯಾ ಸರ್ಕಾರ ಹೆತ್ತವರಿಲ್ಲದೆ ಮಕ್ಕಳನ್ನು ಅಚೆ ಪ್ರಾಂತದಿಂದ ಹೊರಗೊಯ್ಯುವುದನ್ನೇ ತಡೆದದ್ದು ಇದೇ ಭಯದಿಂದ.

ವಿಪತ್ತಿನ ಮೊದಲ ತಿಂಗಳುಗಳಲ್ಲಿ ಒಂಟಿಯಾಗಿ ಸಿಕ್ಕ ಮಗು ಅನಾಥವಲ್ಲ, ಬೇರ್ಪಟ್ಟ ಮಗು. ಆಗ ನಿಮ್ಮ ಹಣ ಕುಟುಂಬವನ್ನು ಹುಡುಕಿ ಸೇರಿಸುವ ಕೆಲಸಕ್ಕೆ ಹೋಗಲಿ. ರೆಡ್‌ಕ್ರಾಸ್ ಮತ್ತು ಯುನಿಸೆಫ್ ಇದನ್ನು ದಶಕಗಳಿಂದ ಮಾಡುತ್ತಿವೆ. ಹುಡುಕಾಟ ನಡೆಯುವಷ್ಟು ದಿನ ಮಗು ತಾತ್ಕಾಲಿಕ ಪೋಷಕ ಮನೆಯಲ್ಲಿ, ಆದಷ್ಟು ತನ್ನ ಊರ ಬಳಿಯೇ, ಇರಲಿ.

ಹೆಜ್ಜೆ 10: ಈಗಾಗಲೇ ಆಶ್ರಮಕ್ಕೆ ಕೊಡುತ್ತಿದ್ದರೆ

ಇದನ್ನೆಲ್ಲ ಓದಿ ನಾಳೆಯೇ ಹಣ ನಿಲ್ಲಿಸಬೇಡಿ. ದಿಢೀರನೆ ನಿಂತ ಹಣದ ಪೆಟ್ಟು ಬೀಳುವುದು ಅಲ್ಲಿ ಈಗ ಇರುವ ಮಕ್ಕಳ ಮೇಲೆ. ಆತುರದಲ್ಲಿ ಮುಚ್ಚಿದ ಆಶ್ರಮದಿಂದ ಮಕ್ಕಳು ಸಿದ್ಧತೆಯಿಲ್ಲದ ಮನೆಗಳಿಗೆ, ಕೆಲವೊಮ್ಮೆ ಬೀದಿಗೆ ಬೀಳುತ್ತಾರೆ.

ಆಶ್ರಮ ನಡೆಸುವವರಿಗೆ ಪ್ರೀತಿಯಿಂದ ಪತ್ರ ಬರೆಯಿರಿ. ಅವರಲ್ಲಿ ಬಹುಪಾಲು ಜನ ಕೆಟ್ಟವರಲ್ಲ, ತಮಗೆ ತಿಳಿದ ಒಂದೇ ದಾರಿಯಲ್ಲಿ ನಡೆದವರು. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸುವಿರಾ, ಇರುವ ಪ್ರತಿ ಮಗುವಿನ ಬಂಧುಗಳನ್ನು ಹುಡುಕಲು ಒಬ್ಬ ಸಮಾಜ ಕಾರ್ಯಕರ್ತರನ್ನು ನೇಮಿಸಿಕೊಳ್ಳುವಿರಾ, ಆ ಸಂಬಳ ನಾನು ಕೊಡುತ್ತೇನೆ ಎಂದು ಹೇಳಿ. ಕಟ್ಟಡವನ್ನು ಶಾಲೆಯಾಗಿಯೋ ಹಗಲು ಆರೈಕೆ ಕೇಂದ್ರವಾಗಿಯೋ ಕ್ಲಿನಿಕ್ ಆಗಿಯೋ ಬಳಸಬಹುದು, ಸಿಬ್ಬಂದಿಗೆ ಮನೆಭೇಟಿಯ ಕೆಲಸ ಕಲಿಸಬಹುದು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ, ಮತ್ತು ಆ ಅವಧಿಯಲ್ಲಿ ಎರಡೂ ವ್ಯವಸ್ಥೆಗಳು ಒಟ್ಟಿಗೆ ನಡೆಯಬೇಕಾದ್ದರಿಂದ ಖರ್ಚು ಇಳಿಯುವ ಬದಲು ಏರುತ್ತದೆ. ದಾನಿ ಕೈಬಿಡಬಾರದ ಗಳಿಗೆ ಅದೇ.

ಹೆಜ್ಜೆ 11: ವರ್ಷಕ್ಕೊಮ್ಮೆ ಕೇಳಿ

ಮಕ್ಕಳ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿಯ ಪ್ರಕಾರ ಮನೆಯಿಂದ ಹೊರಗೆ ಬೆಳೆಯುವ ಮಗುವಿನ ಸ್ಥಿತಿಯನ್ನು ಕಾಲಕಾಲಕ್ಕೆ ಪರಿಶೀಲಿಸಬೇಕು. ಆ ಪರಿಶೀಲನೆ ನಡೆದಿದೆಯೇ ಎಂದು ನೀವೂ ವರ್ಷಕ್ಕೊಮ್ಮೆ ಕೇಳಬಹುದು. ಎಷ್ಟು ಮಕ್ಕಳು ಮನೆಗೆ ಮರಳಿದರು, ಮರಳಿದವರನ್ನು ಎಷ್ಟು ದಿನ ಹಿಂಬಾಲಿಸಿ ನೋಡಿದಿರಿ, ಎಷ್ಟು ಮಕ್ಕಳು ಒಂದು ಪೋಷಕ ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾಯಿತು, ಅಣ್ಣ ತಂಗಿಯರು ಒಟ್ಟಿಗಿದ್ದಾರೆಯೇ, ಕಾರ್ಯಕರ್ತರು ಎಷ್ಟು ಜನ ಕೆಲಸ ಬಿಟ್ಟರು. ಕೊನೆಯ ಪ್ರಶ್ನೆ ಮಾಮೂಲಿನಂತೆ ಕಂಡರೂ, ಕಾರ್ಯಕರ್ತೆ ಬದಲಾದಾಗಲೆಲ್ಲ ಮಗು ತನ್ನ ಕಥೆಯನ್ನು ಮತ್ತೊಬ್ಬರ ಮುಂದೆ ಮೊದಲಿನಿಂದ ಹೇಳಬೇಕಾಗುತ್ತದೆ.

ಜೊತೆಗೆ ಹದಿನೆಂಟು ತುಂಬಿದವರ ಬಗ್ಗೆ ಕೇಳಿ. ಬಹಳ ದೇಶಗಳಲ್ಲಿ ಆ ಹುಟ್ಟುಹಬ್ಬದಂದೇ ಭತ್ಯೆ ನಿಲ್ಲುತ್ತದೆ, ಕಡತ ಮುಚ್ಚುತ್ತದೆ. ಸ್ವಂತ ಮಕ್ಕಳನ್ನು ಹದಿನೆಂಟಕ್ಕೆ ಹೊರಗೆ ಕಳಿಸದ ನಾವು, ಈ ಮಕ್ಕಳಿಗೂ ವೃತ್ತಿ ತರಬೇತಿ, ಬಾಡಿಗೆಯ ಮುಂಗಡ, ರಜೆಯಲ್ಲಿ ಬಂದಿಳಿಯಲು ಅದೇ ಪೋಷಕ ಮನೆಯ ಒಂದು ಹಾಸಿಗೆ ಇರುವಂತೆ ಹಣ ಹೊಂದಿಸಬಹುದು. ಇದಕ್ಕೆಂದೇ ಮೀಸಲಿಟ್ಟ ದೇಣಿಗೆ ಸಂಸ್ಥೆಗಳಿಗೆ ಅಪರೂಪಕ್ಕೆ ಬರುತ್ತದೆ. ಕಳೆದ ವರ್ಷ ಹದಿನೆಂಟು ತುಂಬಿದ ನಿಮ್ಮ ಮಕ್ಕಳು ಇಂದು ಯಾರ ಮನೆಯಲ್ಲಿದ್ದಾರೆ ಎಂದು ಕೇಳಿ, ಒಬ್ಬೊಬ್ಬರ ಬಗ್ಗೆಯೂ ಉತ್ತರ ಸಿಗುತ್ತದೆಯೇ ನೋಡಿ.